ಗೊಟಗೋಡಿಯ ಹೊಲದಲ್ಲಿ ಜೇಕು

ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ ಶಿಗ್ಗಾಂವಿಯ ಸಮೀಪ ಇರುವ ಗೊಟಗೋಡಿಯ ಹೆಸರು ನಾಡಿಗೆಲ್ಲ ಗೊತ್ತಾದದ್ದು ಎರಡು ಕಾರಣಗಳಿಂದ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಒಂದು. 2011ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇನ್ನೊಂದು. ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಗಾರ್ಡನ್ನಿನ ಮುಂದೆ ನಿಲ್ಲುತ್ತವೆ. ಹಾಡು, ಕಥೆ, ಆಟ, ಔಷಧ ಎಂದು ಹುಡುಕಿಕೊಂಡು ಬರುವವರು ವಿಶ್ವವಿದ್ಯಾಲಯದ ಕಡೆ ಹೊರಳುತ್ತಾರೆ. ನಾನು ಹೋದದ್ದೂ ಇವೆರಡಕ್ಕಾಗಿಯೇ. ಆದರೆ ಈಗ ಬರೆಯಲು ಕೂತರೆ ಕಣ್ಣಮುಂದೆ ಬರುವುದು ಊರಾಚೆಯ ಗೋವಿನಜೋಳದ ಹೊಲ, ಅದರ ಸಾಲುಗಳ ನಡುವೆ ಗೇಣುದ್ದ ಎದ್ದ ಜೇಕು.

ಸೊಲಬಕ್ಕನವರ ಶಿಲ್ಪಗಳ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅವರು ಆಳೆತ್ತರದಲ್ಲಿ ನಿಲ್ಲಿಸಿದ್ದಾರೆ. ರುಮಾಲಿನ ಸುತ್ತು, ಸೀರೆಯ ಕಚ್ಚೆ, ಎತ್ತಿನ ಕೊರಳಿನ ಹಗ್ಗ, ಯಾವುದೂ ತಪ್ಪಿಲ್ಲ. ದುಡಿಯುವ ಮೈ ಹೇಗೆ ಬಾಗುತ್ತದೆ ಎಂಬುದನ್ನು ಅವರು ಬಹಳ ಹತ್ತಿರದಿಂದ ಕಂಡಿದ್ದರು. ದೊಡ್ಡಾಟವನ್ನು ಮತ್ತೆ ರಂಗಕ್ಕೆ ತರಲು ಶ್ರಮಿಸಿದ ಅವರು 2020ರಲ್ಲಿ ತೀರಿಕೊಂಡರು. ಗಾರ್ಡನ್ನಿನೊಳಗೆ ಬಾಗಿದ ಬೆನ್ನುಗಳನ್ನು ನೋಡಿಕೊಂಡು ಹೊರಗೆ ಬಂದವರಿಗೆ ಅಂಥವೇ ಬೆನ್ನುಗಳು ಹೊಲದಲ್ಲಿಯೂ ಕಾಣುತ್ತವೆ. ಅಲ್ಲಿ ನಿಂತು ನೋಡುವವರು ಮಾತ್ರ ಕಡಿಮೆ.

ಶ್ರಾವಣದ ಮಳೆ ಬಿಡುವು ಕೊಟ್ಟಿತ್ತು. ಹೆಣ್ಣುಮಕ್ಕಳು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಕಸ ತೆಗೆಯುತ್ತಿದ್ದರು. ಎಲ್ಲರ ಕೈಯಲ್ಲೂ ಕುರ್ಪಿ. ಎಡೆಕುಂಟೆ ಹೊಡೆದು ಮುಗಿದಿತ್ತು. ಕುಂಟೆಗೆ ಸಿಗದೆ ಉಳಿದದ್ದನ್ನು ಕೈಯಿಂದಲೇ ತೆಗೆಯಬೇಕು. ಬದುವಿನ ಮೇಲೆ ಕೂತಿದ್ದ ನನ್ನನ್ನು ಸಾಲಿನ ತುದಿಯಲ್ಲಿದ್ದ ಹಿರಿಯಾಕೆ ಮಾತಾಡಿಸಿದರು.

‘ಯಾವೂರಾಕಿ ಯವ್ವಾ ನೀ? ಗಾರ್ಡನ್ ಅಲ್ಲೈತಿ ನೋಡು, ಇಲ್ಲೇನ ಕುಂತಿ?’

‘ಗಾರ್ಡನ್ ನೋಡಿ ಬಂದೆ ದೊಡ್ಡವ್ವಾ. ನೀವು ಕೀಳ್ತಿರೋ ಹುಲ್ಲು ನೋಡ್ತಾ ಇದ್ದೆ.’

‘ಈ ಜೇಕನ್ನ ಏನ್ ನೋಡ್ತಿ? ಇದು ನಮ್ಮ ಜೀವಾ ತಿನ್ನೂ ಕಸ. ಮ್ಯಾಲ ಕಿತ್ತರ ಕೆಳಗ ಗಡ್ಡಿ ಉಳೀತೈತಿ. ನಾಕ ದಿನಕ್ಕ ಮತ್ತ ಹಂಗ ಎದ್ದ ನಿಂತಿರ್ತೈತಿ.’

ಹೇಳುತ್ತಲೇ ಅವರು ಕುರ್ಪಿಯ ಮೊನೆಯನ್ನು ಮಣ್ಣಿಗೆ ಆಳವಾಗಿ ಚುಚ್ಚಿ, ಒಂದು ಬುಡವನ್ನು ಇಡಿಯಾಗಿ ಎಬ್ಬಿಸಿ ಕೊಟ್ಟರು. ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದಾಗ ಮೂರು ಏಣುಗಳು ಸ್ಪಷ್ಟವಾಗಿ ತಾಗಿದವು. ಹುಲ್ಲಿನ ಕಡ್ಡಿ ಗುಂಡಗಿರುತ್ತದೆ, ಜೇಕಿನದು ಮುಮ್ಮೂಲೆ. ಬುಡದ ಕೆಳಗೆ ಕಪ್ಪುಗಂದು ಬಣ್ಣದ, ಒರಟು ನಾರು ಹೊದ್ದ ಗಡ್ಡೆ. ಅದರಿಂದ ದಾರದಂಥ ಬೇರುಕಾಂಡ ಹೊರಟು ಗೇಣಿನಾಚೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಉಗುರಿನಿಂದ ಸಿಪ್ಪೆ ಕೆರೆದರೆ ಒಳಗೆ ಬಿಳಿ, ಬಿಳಿಯಲ್ಲಿ ತುಸು ಕೆಂಪು. ಮೂಗಿಗೆ ಹಿಡಿದರೆ ಕರ್ಪೂರಕ್ಕೂ ಒಣಶುಂಠಿಗೂ ನಡುವಿನ ಒಂದು ವಾಸನೆ, ಹಿಂದೆಯೇ ಹಸಿಮಣ್ಣಿನದು. ಕೈ ತೊಳೆದ ಮೇಲೂ ಬಹಳ ಹೊತ್ತು ಅದು ಬೆರಳಲ್ಲಿ ಇತ್ತು.

1753ರಲ್ಲಿ ಲಿನೇಯಸ್ ಇದಕ್ಕೆ ಸೈಪರಸ್ ರೋಟಂಡಸ್ ಎಂದು ಹೆಸರಿಟ್ಟ. ಜಗತ್ತಿನ ಕಳೆಗಳ ಬಗ್ಗೆ 1977ರಲ್ಲಿ ಹೋಮ್ ಮತ್ತು ಸಂಗಡಿಗರು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಮೊದಲ ಸ್ಥಾನ ಜೇಕಿನದೇ: 90ಕ್ಕೂ ಹೆಚ್ಚು ದೇಶಗಳಲ್ಲಿ, 52 ಬೆಳೆಗಳಲ್ಲಿ ಇದರ ಕಾಟ ದಾಖಲಾಗಿದೆ. ಬೀಜವನ್ನು ಇದು ಹೆಚ್ಚು ನೆಚ್ಚಿಕೊಂಡಿಲ್ಲ, ಬದುಕುವುದು ಗಡ್ಡೆಯಿಂದ. ಮೇಲಿನ ಚಿಗುರನ್ನು ಚಿವುಟಿದರೆ ಮಲಗಿದ್ದ ಮೊಗ್ಗುಗಳು ಎಚ್ಚರಾಗುತ್ತವೆ. ರಂಟೆ ಗಡ್ಡೆಗಳ ಸರಪಳಿಯನ್ನು ತುಂಡರಿಸಿದರೆ ಒಂದೊಂದು ತುಂಡೂ ಒಂದೊಂದು ಗಿಡ. ಪ್ಲಾಸ್ಟಿಕ್ ಹೊದಿಕೆ ಹಾಸಿದರೆ ಚೂಪು ಮೊಳಕೆ ಅದನ್ನೂ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಜೇಕು ಹೆದರುವುದು ನೆರಳಿಗೆ ಮತ್ತು ಬಿಸಿಲಿಗೆ. ಹುರುಳಿಯಂತೆ ನೆಲ ಮುಚ್ಚುವ ಬೆಳೆಯ ಅಡಿಯಲ್ಲಿ ಸೊರಗುತ್ತದೆ; ಬೇಸಿಗೆಯ ಮಾಗಿ ಉಳುಮೆಯಲ್ಲಿ ಗಡ್ಡೆ ಮೇಲೆ ಬಿದ್ದು ವಾರಗಟ್ಟಲೆ ಉರಿಬಿಸಿಲಿಗೆ ಒಣಗಿದರೆ ಸಾಯುತ್ತದೆ. ರೈತರಿಗೆ ಇದು ಯಾವ ಪುಸ್ತಕವೂ ಹೇಳಿಕೊಡುವ ಮುಂಚೆ ಗೊತ್ತಿದ್ದ ವಿದ್ಯೆ.

ಇದೇ ಗಡ್ಡೆಯನ್ನು ಚೀನಾದಲ್ಲಿ ಶಿಯಾಂಗ್‌ಫು ಎನ್ನುತ್ತಾರೆ. ಗಿಡ ಸುಮಾರು 1500 ವರ್ಷಗಳ ಹಿಂದೆ ಟಾವೊ ಹಾಂಗ್‌ಜಿಂಗ್ ಸಂಕಲಿಸಿದ ಔಷಧ ಸಂಗ್ರಹದಲ್ಲಿಯೇ ಬರುತ್ತದೆ. ಅದಕ್ಕೆ ದೊಡ್ಡ ಪಟ್ಟ ಕಟ್ಟಿದವನು ಮಿಂಗ್ ಕಾಲದ ವೈದ್ಯ ಲಿ ಶಿಝೆನ್. ಅವನು ಜೀವಮಾನವಿಡೀ ಊರೂರು ಅಲೆದು, ರೈತರು, ಬೇಟೆಗಾರರು, ಮೀನುಗಾರರನ್ನು ಕೇಳಿ ಕೇಳಿ, 1578ರಲ್ಲಿ ಬರೆದು ಮುಗಿಸಿದ ‘ಬೆನ್‌ಚಾವೊ ಗಾಂಗ್‌ಮು’ ಅವನು ತೀರಿಕೊಂಡ ಮೇಲೆ, 1596ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾಗಿ ಹೊರಬಂತು. 1892 ಔಷಧ ದ್ರವ್ಯಗಳನ್ನು ವಿವರಿಸುವ ಆ ಮಹಾಗ್ರಂಥದಲ್ಲಿ ಜೇಕಿನ ಗಡ್ಡೆಗೆ ಹೆಂಗಸರ ಕಾಯಿಲೆಗಳ ಚಿಕಿತ್ಸೆಯಲ್ಲಿ ದಂಡನಾಯಕನ ಪದವಿ. ಮುಟ್ಟಿನ ಹೊಟ್ಟೆನೋವು, ಮುಟ್ಟು ಏರುಪೇರಾಗುವುದು, ಎದೆ ಬಿಗಿಯುವುದು, ಪಕ್ಕೆ ಹಿಡಿಯುವುದು, ಊಟ ಸೇರದಿರುವುದು, ಎಲ್ಲಕ್ಕೂ ಅದು ಬೇಕು.

ಚೀನೀ ವೈದ್ಯರ ತರ್ಕ ಹೀಗಿದೆ. ಮೈಯೊಳಗೆ ‘ಚಿ’ ಎಂಬ ಜೀವಶಕ್ತಿ ಸದಾ ಹರಿಯುತ್ತಿರಬೇಕು. ಕೋಪ, ದುಃಖ, ಹೇಳಲಾಗದ ಸಂಕಟ ಗಟ್ಟಿಯಾದರೆ ಆ ಹರಿವು ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡಲ್ಲಿ ನೋವು ಹುಟ್ಟುತ್ತದೆ. ಜೇಕಿನ ಗಡ್ಡೆ ಆ ಕಟ್ಟನ್ನು ಬಿಡಿಸುತ್ತದೆ. 14ನೇ ಶತಮಾನದ ವೈದ್ಯ ಝು ಡಾನ್‌ಶಿ ಆರು ಬಗೆಯ ಕಟ್ಟುಗಳಿಗೆಂದು ರೂಪಿಸಿದ ‘ಯುಯೇಜು’ ಮಾತ್ರೆಯಲ್ಲಿ ಐದು ದ್ರವ್ಯಗಳಿವೆ, ಅವುಗಳಲ್ಲಿ ಇದೂ ಒಂದು. ಅದನ್ನು ಇಂದಿಗೂ ತಯಾರಿಸಿ ಮಾರುತ್ತಾರೆ. ಮದ್ದಾಗುವ ಮೊದಲು ಗಡ್ಡೆಗೆ ಸಂಸ್ಕಾರ ಆಗಬೇಕು: ಮೇಲಿನ ನಾರನ್ನು ಬೆಂಕಿಯಲ್ಲಿ ಸುಟ್ಟು ತೆಗೆದು, ಬೇಯಿಸಿ ಅಥವಾ ಹಬೆಯಲ್ಲಿಟ್ಟು, ಒಣಗಿಸಿ ಹೋಳು ಮಾಡುತ್ತಾರೆ. ನೋವಿಗೆ ಕೊಡುವಾಗ ವಿನೆಗರ್‌ನಲ್ಲಿ ನೆನೆಸಿ ಹುರಿಯುವುದು ರೂಢಿ. ಶಾನ್‌ಡಾಂಗ್ ಪ್ರಾಂತದ ಗಡ್ಡೆಗೆ ಒಳ್ಳೆಯ ಹೆಸರಿದೆ.

ಏಳನೇ ಶತಮಾನದಲ್ಲಿ ನಾಲಂದದಲ್ಲಿ ವರ್ಷಗಟ್ಟಲೆ ಓದಿದ ಚೀನೀ ಯಾತ್ರಿಕ ಇತ್ಸಿಂಗ್, ತನ್ನ ನಾಡಿನ ಗಿಡಮೂಲಿಕೆಗಳೇ ಬೇರೆ, ಭಾರತದವೇ ಬೇರೆ ಎಂದು ಬರೆದಿಟ್ಟಿದ್ದಾನೆ. ಜಿನ್‌ಸೆಂಗ್‌ನಂಥವುಗಳ ಮಟ್ಟಿಗೆ ಅವನ ಮಾತು ಸರಿ. ಆದರೆ ಜೇಕಿಗೆ ಗಡಿ ಇಲ್ಲ. ನಮ್ಮ ಆಯುರ್ವೇದದ ಮುಸ್ತಾ, ಕನ್ನಡದ ಭದ್ರಮುಷ್ಟಿ, ಕೊನ್ನಾರಿ ಗಡ್ಡೆ, ತುಂಗೆ ಎಲ್ಲವೂ ಇದೇ. ಜೀರ್ಣಶಕ್ತಿಯನ್ನು ಎಬ್ಬಿಸುವುದರಲ್ಲಿ, ಭೇದಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಇದನ್ನು ಮೀರಿದ್ದಿಲ್ಲವೆಂದು ಚರಕ ಸಂಹಿತೆ ಎಣಿಸುತ್ತದೆ. ಜ್ವರದಲ್ಲಿ ಬಾಯಾರಿದವರಿಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಲಾವಂಚ, ಚಂದನ, ಶುಂಠಿ, ಪರ್ಪಾಟಕದ ಜೊತೆ ಭದ್ರಮುಷ್ಟಿಯೂ ಇದೆ. ಬಾಣಂತಿಯ ಎದೆಹಾಲನ್ನು ಶುದ್ಧಿ ಮಾಡುವ ದ್ರವ್ಯಗಳ ಗುಂಪಿನಲ್ಲಿಯೂ ಚರಕ ಇದನ್ನು ಸೇರಿಸಿದ್ದಾನೆ. ಕಾಡುಹಂದಿಗಳಿಗೂ ಈ ಗಡ್ಡೆ ಎಂದರೆ ಪ್ರಾಣ. ಶಾಕುಂತಲದ ಎರಡನೇ ಅಂಕದಲ್ಲಿ ಬೇಟೆ ಬಿಟ್ಟ ದುಷ್ಯಂತ, ಇನ್ನು ಹಂದಿಗಳು ಹೊಂಡಗಳಲ್ಲಿ ನೆಮ್ಮದಿಯಿಂದ ಮುಸ್ತಾ ಅಗೆದು ತಿನ್ನಲಿ ಎನ್ನುತ್ತಾನೆ. ಕಾಳಿದಾಸ ಹೊಲ-ಕೆರೆಗಳ ಅಂಚಿನಲ್ಲಿ ನಡೆದಾಡಿದವನೇ ಇರಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಒಂದೇ ಗಡ್ಡೆ, ನಮ್ಮ ಶಾಸ್ತ್ರ ಅದರಲ್ಲಿ ಮುಖ್ಯವಾಗಿ ಹೊಟ್ಟೆಯ ಮತ್ತು ಜ್ವರದ ಮದ್ದನ್ನು ಕಂಡಿತು, ಅವರ ಶಾಸ್ತ್ರ ಹೆಂಗಸರ ನೋವಿನ ಮದ್ದನ್ನು ಕಂಡಿತು. ಇದನ್ನು ತಲೆಯಲ್ಲಿಟ್ಟುಕೊಂಡೇ ನಾನು ದೊಡ್ಡವ್ವನನ್ನು ಕೇಳಿದೆ: ‘ಇದನ್ನ ಔಷಧಕ್ಕೆ ಬಳಸ್ತಿದ್ರಾ?’

ಅವರು ಕುರ್ಪಿ ನಿಲ್ಲಿಸಲಿಲ್ಲ. ‘ಯಾಕ ಬಳಸ್ತಿದ್ದಿಲ್ಲ? ಸಣ್ಣ ಹುಡುಗೂರಿಗೆ ಭೇದಿ ಆದ್ರ ನಮ್ಮವ್ವ ಇದನ್ನ ತೇಯ್ದು ಮಜ್ಜಗ್ಯಾಗ ಕುಡಸ್ತಿದ್ಲು. ಹಸಿದಲ್ಲ ಮತ್ತ, ಒಣಗಿದ್ದು. ಬ್ಯಾಸಗ್ಯಾಗ ಕುಂಟಿ ಹೊಡದಾಗ ಆರಿಸಿ ತಂದು, ಸುಟ್ಟು ನಾರು ತಗದು, ಡಬ್ಬಿ ತುಂಬಿಡಾಕಿ.’

ಸುಟ್ಟು ನಾರು ತೆಗೆಯುವುದು! ಚೀನೀ ಗ್ರಂಥಗಳು ಹೇಳುವ ಸಂಸ್ಕಾರದ ಮೊದಲ ಹೆಜ್ಜೆ ಇಲ್ಲಿ, ಓದು ಬಾರದ ಒಬ್ಬ ತಾಯಿಯ ಅಡುಗೆಮನೆಯಲ್ಲಿ ಇತ್ತು. ಒಬ್ಬರಿಂದೊಬ್ಬರು ಕಲಿತರೆಂದು ನಾನು ಹೇಳುವುದಿಲ್ಲ. ಗಡ್ಡೆಯ ಮೈಮೇಲಿನ ಒರಟು ನಾರು ನೋಡಿದ ಯಾವ ಜಾಣೆಗೂ ಬೆಂಕಿಯ ದಾರಿ ಹೊಳೆದೀತು. ಆ ಜಾಣ್ಮೆ ಇಲ್ಲಿಯೂ ಇತ್ತು, ಅದನ್ನು ಬರೆದಿಡುವ ಒಬ್ಬ ಲಿ ಶಿಝೆನ್ ಈ ಬದುವಿಗೆ ಬರಲಿಲ್ಲ.

ಮುಟ್ಟಿನ ನೋವಿಗೆ? ಆ ಪ್ರಶ್ನೆ ಕೇಳಿದಾಗ ಸಾಲಿನಲ್ಲಿದ್ದ ಕಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಕೊಟ್ಟವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ‘ಅದಕ್ಕೇನ ಔಷಧರಿ ಅಕ್ಕಾರ? ನೋವಿದ್ರೂ ಕೆಲಸಕ್ಕ ಬರೂದು. ಮನ್ಯಾಗ ಕುಂತ್ರ ಕೂಲಿ ಯಾರ ಕೊಡ್ತಾರ? ಭಾಳ ಆದ್ರ ಅಂಗಡ್ಯಾಗಿಂದ ಒಂದ ಗುಳಿಗಿ ನುಂಗ್ತೇವಿ.’ ಇಷ್ಟು ಹೇಳಿ ಅವಳು ಮತ್ತೆ ಸಾಲು ಹಿಡಿದಳು.

ದಿನವಿಡೀ ಕುಕ್ಕರಗಾಲಿನಲ್ಲಿ ಸರಿಯುತ್ತ, ಸೊಂಟ ಹಿಡಿದರೂ ಏಳದೆ ಕೀಳುವ ಗಡ್ಡೆ. ಚೀನಾದಲ್ಲಿ ಅದನ್ನೇ ಹೆಂಗಸಿನ ಹೊಟ್ಟೆನೋವಿಗೆ, ಅವಳು ನುಂಗಿಕೊಂಡ ಸಂಕಟಕ್ಕೆ ಕುದಿಸಿ ಕೊಡುತ್ತಾರೆ. ಇವರು ಕಿತ್ತದ್ದನ್ನೆಲ್ಲ ಬುಟ್ಟಿಗೆ ತುಂಬಿ, ಮತ್ತೆ ಚಿಗುರದಂತೆ ಹೆದ್ದಾರಿ ಪಕ್ಕದ ಗಟ್ಟಿನೆಲದ ಮೇಲೆ ಚೆಲ್ಲಿದರು. ನನಗೆ ಎದೆ ಭಾರವಾಯಿತು. ಜೇಕನ್ನು ಹೊಲದಲ್ಲಿ ಉಳಿಸಿಕೊಳ್ಳಿ ಎಂದು ನಾನು ಹೇಳಲಾರೆ. ಗೋವಿನಜೋಳಕ್ಕೆ ಹಾಕಿದ ಗೊಬ್ಬರವನ್ನೂ ನೀರನ್ನೂ ಅದು ಕಸಿಯುತ್ತದೆ, ರೈತನ ಸಾಲ ಬೆಳೆಯುತ್ತದೆ. ನನ್ನನ್ನು ಕಾಡಿದ್ದು ಆ ಹುಡುಗಿಯ ಮಾತು. ನೋವಿಗೆ ಔಷಧವೆಂಬುದು ಇರಬಹುದು ಎಂಬ ನಿರೀಕ್ಷೆಯೇ ಅವಳಲ್ಲಿ ಇರಲಿಲ್ಲ.

ಸಂಜೆ ಶಿಗ್ಗಾಂವಿ ಪೇಟೆಯಲ್ಲಿ ಬೇರು-ಗಡ್ಡೆ ಮಾರುವ ಒಂದು ಅಂಗಡಿ ಹುಡುಕಿದೆ. ಅಳಲೆಕಾಯಿ, ಹಿಪ್ಪಲಿ, ಬಜೆ, ಜ್ಯೇಷ್ಠಮಧುಗಳ ನಡುವೆ ಒಂದು ಚೀಲದಲ್ಲಿ ಭದ್ರಮುಷ್ಟಿಯೂ ಇತ್ತು. ಸೀಗೆಪುಡಿಗೆ, ಮೈಗೆ ಹಚ್ಚುವ ಲೇಪಕ್ಕೆ, ಧೂಪಕ್ಕೆ ಒಯ್ಯುವವರಿದ್ದಾರೆ ಎಂದರು ಅಂಗಡಿಯವರು. ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ, ಹೊರಗಿನ ವ್ಯಾಪಾರಿಗಳಿಂದ ಎಂಬ ಉತ್ತರ ಸಿಕ್ಕಿತು. ಸುತ್ತಲಿನ ಹೊಲಗಳಲ್ಲಿ ಬುಟ್ಟಿಗಟ್ಟಲೆ ಕಿತ್ತೆಸೆಯುವ ಗಡ್ಡೆ ಇಲ್ಲಿಗೆ ದುಡ್ಡು ಕೊಟ್ಟರೆ ಬರುತ್ತದೆ. ಇನ್ನೊಂದು ಜಾತಿಯ ನಾಗರಮುಸ್ತಾ ಕೂಡ ಇದೇ ವ್ಯಾಪಾರದಲ್ಲಿ ಓಡಾಡುತ್ತದೆ. ಒಣಗಿದ ಮೇಲೆ ಎರಡನ್ನೂ ಬೇರ್ಪಡಿಸಲು ಅನುಭವದ ಕಣ್ಣು, ಮೂಗು ಬೇಕು.

ಔಷಧ ಸಸ್ಯ ಎಂದೊಡನೆ ಈ ಸೀಮೆಯವರು ಗದಗಿನ ಕಪ್ಪತಗುಡ್ಡದ ಕಡೆ ಕೈತೋರಿಸುತ್ತಾರೆ. 2019ರಲ್ಲಿ ವನ್ಯಜೀವಿ ಧಾಮವಾದ ಆ ಗುಡ್ಡಕ್ಕೆ ಆ ಗೌರವ ಸಲ್ಲಲೇಬೇಕು, ಅದನ್ನು ಗಣಿಯಿಂದ ಕಾಯಲು ಜನ ಬೀದಿಗಿಳಿದು ಹೋರಾಡಿದ್ದಾರೆ. ಸವಣೂರಿಗೆ ಹೋದವರು ಆಫ್ರಿಕಾ ಮೂಲದ ದೊಡ್ಡಹುಣಸೆ ಮರಗಳ ಬುಡ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅಪರೂಪಕ್ಕೆ ಕಾವಲು, ಭವ್ಯಕ್ಕೆ ಬೆರಗು, ಎರಡೂ ಸರಿಯೇ. ಕಾಲ ಕೆಳಗೆ ಹೇರಳವಾಗಿ ಇರುವುದಕ್ಕೆ ಮಾತ್ರ ನಾವು ಕಣ್ಣು ಕೊಟ್ಟಿಲ್ಲ. ಜೇಕು ಅಳಿಯುವ ಸಸ್ಯವಲ್ಲ. ಅಳಿಯುತ್ತಿರುವುದು ಅದರ ಬಗೆಗಿನ ತಿಳಿವಳಿಕೆ, ಯಾವ ತಿಂಗಳಲ್ಲಿ ಆರಿಸಬೇಕು, ಎಷ್ಟು ಒಣಗಿಸಬೇಕು, ಯಾವ ಮಗುವಿಗೆ ಎಷ್ಟು ತೇಯಬೇಕು ಎಂಬ ಲೆಕ್ಕ.

ಈ ತಿಳಿವಳಿಕೆ ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಸುಡಾನಿನಿಂದ ಒಂದು ಸಾಕ್ಷಿ ಇದೆ. ಬಿಳಿ ನೈಲ್ ನದಿಯ ದಂಡೆಯ ಅಲ್ ಖಿದೆ ಎಂಬಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಹಲ್ಲಿನ ಪಾಚಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ವರದಿ ಪ್ರಕಟಿಸಿದರು. ಬೇಸಾಯ ಬರುವುದಕ್ಕೂ ಮೊದಲು, ಸುಮಾರು 7000 ವರ್ಷಗಳಿಗೂ ಹಿಂದೆ, ಅಲ್ಲಿಯ ಜನ ಜೇಕಿನ ಗಡ್ಡೆ ತಿನ್ನುತ್ತಿದ್ದರು. ಬೇಸಾಯ ಕಲಿತ ಮೇಲೂ ಬಿಡಲಿಲ್ಲ. ಅವರ ಹಲ್ಲುಗಳಲ್ಲಿ ಹುಳುಕು ಅಚ್ಚರಿಯಷ್ಟು ಕಡಿಮೆ; ಹುಳುಕು ತರುವ ಬ್ಯಾಕ್ಟೀರಿಯಾವನ್ನು ತಡೆಯುವ ಗುಣ ಗಡ್ಡೆಯಲ್ಲಿ ಇರುವುದು ಅದಕ್ಕೆ ಕಾರಣವಾಗಿರಬಹುದು ಎಂದು ವಿಜ್ಞಾನಿಗಳು ಊಹಿಸಿದರು.

ಹಳೆಯದೆಲ್ಲ ಹೊನ್ನು ಎಂದು ನಂಬುವವಳು ನಾನಲ್ಲ. ಗಡ್ಡೆಯ ಸುಗಂಧ ತೈಲದಲ್ಲಿ ಸೈಪರೀನ್, ಆಲ್ಫಾ-ಸೈಪರೋನ್ ಮೊದಲಾದ ಅಂಶಗಳನ್ನು ಗುರುತಿಸಿದ್ದಾರೆ. ಉರಿಯೂತ, ನೋವು, ಭೇದಿಗಳ ಮೇಲೆ ಇದರ ಪರಿಣಾಮ ತೋರಿಸಿದ ಪ್ರಯೋಗಗಳು ಬಹುತೇಕ ಇಲಿಗಳ ಮೇಲೆ ಆದವು. ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ ಆಗಬೇಕಾದ ಪರೀಕ್ಷೆ ಇನ್ನೂ ಬಾಕಿ ಇದೆ. ಪರಂಪರೆಯ ಮಾತನ್ನು ಪರೀಕ್ಷೆಗೆ ಒಡ್ಡಿದರೆ ಏನಾಗಬಹುದು ಎಂಬುದಕ್ಕೆ ತು ಯೂಯೂ ಅವರ ಕೆಲಸವೇ ಉದಾಹರಣೆ. 1970ರ ದಶಕದಲ್ಲಿ ಆಕೆ ಹಳೆಯ ಚೀನೀ ಗ್ರಂಥವೊಂದರ ಸೂಚನೆಯಂತೆ ಆರ್ಟಿಮಿಸಿಯಾ ಗಿಡವನ್ನು ಹೆಚ್ಚು ಬಿಸಿ ಮಾಡದೆ ಸಾರ ತೆಗೆದು ಮಲೇರಿಯಾಕ್ಕೆ ಮದ್ದು ಕಂಡುಹಿಡಿದರು; 2015ರಲ್ಲಿ ನೊಬೆಲ್ ಬಂತು. ಅಲ್ಲಿ ಪರೀಕ್ಷಿಸಲು ಬರೆದಿಟ್ಟ ಮಾತೊಂದು ಇತ್ತು. ದೊಡ್ಡವ್ವನ ತಾಯಿಯ ಡಬ್ಬಿಯ ವಿಷಯ ಎಲ್ಲಿ ಬರೆದಿದೆ?

ಬೇಗ ಕೇಳಿ ಬರೆದುಕೊಳ್ಳಬೇಕಾದ ಕಾರಣವೂ ಇದೆ. ಕೂಲಿಯಾಳು ಸಿಗದ ಈ ದಿನಗಳಲ್ಲಿ ಕಬ್ಬು, ಗೋವಿನಜೋಳದ ಹೊಲಗಳಿಗೆ ಜೇಕನ್ನೇ ಗುರಿಯಾಗಿಟ್ಟ ಹ್ಯಾಲೋಸಲ್ಫ್ಯೂರಾನ್ ಮೀಥೈಲ್‌ನಂಥ ಕಳೆನಾಶಕಗಳು ಬಂದಿವೆ. ರೈತರನ್ನು ದೂರುವಂತಿಲ್ಲ, ಅವರ ಕಷ್ಟ ಅವರಿಗೆ ಗೊತ್ತು. ಆದರೆ ಕುರ್ಪಿ ಹಿಡಿದು ಮಣ್ಣಿಗೆ ಕೈ ಹಾಕುವವರು ಹೊಲದಿಂದ ಹೊರಗಾದಂತೆ ಗಡ್ಡೆಯನ್ನು ಕಣ್ಣಿಂದ, ಮೂಗಿಂದ ಬಲ್ಲವರೂ ಇಲ್ಲವಾಗುತ್ತಾರೆ. ದೊಡ್ಡವ್ವ ಆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರು. ಡಬ್ಬಿಯ ಮಾತು ಅವರು ಹೇಳಿದಾಗ ಉಳಿದವರು ಅದನ್ನು ಮೊದಲ ಸಲ ಕೇಳುವವರಂತೆ ಕೇಳಿದರು.

ಜಾನಪದ ವಿಶ್ವವಿದ್ಯಾಲಯದಲ್ಲಿ ಓದುವ, ಕಲಿಸುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಆವರಣದ ಸುತ್ತಮುತ್ತ ಗೊಟಗೋಡಿಯ ಹೊಲಗಳಿವೆ. ಒಂದು ಮುಂಗಾರಿನಲ್ಲಿ, ಕಸ ತೆಗೆಯುವ ಸಾಲುಗಳ ಜೊತೆ ಕೂತು, ಒಂದೊಂದು ಕಳೆಯನ್ನೂ ಕೈಯಲ್ಲಿ ಹಿಡಿದು ಕೇಳಿ: ಇದಕ್ಕೆ ಏನೆನ್ನುತ್ತೀರಿ, ಯಾತಕ್ಕೆ ಬಳಸುತ್ತಿದ್ದಿರಿ, ಹೇಗೆ ಹದ ಮಾಡುತ್ತಿದ್ದಿರಿ. ಹೆಂಗಸರ ನೋವಿನ ಮಾತು ಹೆಂಗಸರೇ ಕೇಳಿದರೆ ಹೊರಗೆ ಬರುತ್ತದೆ, ಅದಕ್ಕೆ ವಿದ್ಯಾರ್ಥಿನಿಯರು ಮುಂದಾಗಲಿ. ಹೇಳಿದವರು ಒಪ್ಪಿದರೆ ಅವರ ಹೆಸರು ದಾಖಲೆಯಲ್ಲಿ ಇರಲಿ, ಆ ಹೊತ್ತಿನ ಕೂಲಿ ಅವರಿಗೆ ಸಲ್ಲಲಿ. ಬರೆದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಆಯುರ್ವೇದ ಕಾಲೇಜುಗಳಿಗೂ ತಲುಪಲಿ, ಅವರು ಪರೀಕ್ಷಿಸಲಿ.

ಓದುಗರಿಗೂ ಒಂದು ಮಾತು. ಇದನ್ನು ಓದಿ ಯಾರೂ ಹಿತ್ತಲಿನ ಜೇಕು ಅಗೆದು ಕಷಾಯ ಮಾಡಿ ಕುಡಿಯಬೇಡಿ. ಕಳೆನಾಶಕ ಬಿದ್ದ ನೆಲದ ಗಡ್ಡೆ, ಚರಂಡಿ ಅಂಚಿನ ಗಡ್ಡೆ ಔಷಧಕ್ಕೆ ಸಲ್ಲದು. ಬಸುರಿಯರು ಇದರಿಂದ ದೂರ ಇರಬೇಕು. ಮುಟ್ಟಿನ ನೋವು ತಿಂಗಳು ತಿಂಗಳೂ ಏಳಗೊಡದಂತೆ ಮಾಡುತ್ತಿದ್ದರೆ ಅದು ಸಹಿಸಿಕೊಳ್ಳುವ ಸಂಗತಿಯಲ್ಲ, ವೈದ್ಯರಿಗೆ ತೋರಿಸಿ. ನಿಮ್ಮ ಮನೆಗೋ ಹೊಲಕ್ಕೋ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೂ ಇದನ್ನು ಹೇಳಿ, ಆ ದಿನ ರಜೆ ಕೊಡಿ, ಕೂಲಿ ಮುರಿಯಬೇಡಿ.